ಹಗ್ಗದ ನಾಯಿ ತೋರಿಸುತ್ತದೆ, ಬಿಟ್ಟ ನಾಯಿ ಓಡಿಸುತ್ತದೆ

ಗದಗ ಜಿಲ್ಲೆಯ ಕಪ್ಪತಗುಡ್ಡದ ಕೆಳಗೆ ನಮ್ಮದು ಆರು ಎಕರೆ ಒಣಬೇಸಾಯ. ಮುಂಗಾರಿಗೆ ಹೆಸರು, ಶೇಂಗಾ. ಹಿಂಗಾರಿಗೆ ಬಿಳಿಜೋಳ, ಕಡಲೆ. ದಿನಾ ನಸುಕಿನಲ್ಲಿ ಎರಡು ನಾಯಿ ಕರಕೊಂಡು ಹೊಲ ಸುತ್ತುವುದು ರೂಢಿ. ಒಂದು ಊರ ನಾಯಿ, ಇನ್ನೊಂದು ಮುಧೋಳ ತಳಿ. ಎರಡಕ್ಕೂ ನಾಲ್ಕು ಮೊಳದ ಹಗ್ಗ. "ಹೊಲದಾಗ ನಾಯಿಗೆ ಹಗ್ಗ ಯಾಕ್ರೀ?" ಅಂತ ಕೇಳುವವರು ಬಹಳ. ಅವರಿಗಾಗಿ ಈ ಬರಹ.

ಮೂಗು ನಾಯಿದು, ಕಣ್ಣು ನಮ್ಮದು

ಗಾಳಿಗೆ ಎದುರಾಗಿ ನಡೆಯಬೇಕು. ಆಗ ನಮ್ಮ ವಾಸನೆ ಪ್ರಾಣಿಗೆ ಹೋಗುವುದಿಲ್ಲ, ಅದರ ವಾಸನೆ ನಾಯಿಗೆ ಬರುತ್ತದೆ. ನಾಯಿ ನಿಂತು ಕಿವಿ ನಿಮಿರಿಸಿದರೆ ನಾವೂ ನಿಲ್ಲಬೇಕು. ಅದರ ಮೂತಿ ಇರುವ ಕಡೆ ನೋಡಿದರೆ ಏನಾದರೂ ಕಂಡೀತು. ಮುಧೋಳದ್ದು ಕಣ್ಣಿನಿಂದ ಬೇಟೆ ಹಿಡಿಯುವ ತಳಿ. ದೂರದಲ್ಲಿ ಏನಾದರೂ ಅಲುಗಿದರೆ ಮೊದಲು ಅದಕ್ಕೇ ಕಾಣುವುದು. ಹಗ್ಗ ಇಲ್ಲದಿದ್ದರೆ ನಾವು ನೋಡುವ ಮೊದಲೇ ಅದು ಓಡಿರುತ್ತದೆ.

ಹೀಗೆ ನಿಂತು ನೋಡಿದ್ದಕ್ಕೇ ನನಗೆ ಬದುವಿನ ಬಿಲದ ಬಾಯಲ್ಲಿ ಕೂತ ಸಣ್ಣ ನರಿ ಕಂಡದ್ದು. ಬಾಲದ ತುದಿ ಕಪ್ಪು, ತೂಕ ಎರಡು-ಮೂರು ಕಿಲೋ ಅಷ್ಟೇ. ಇಲಿ, ಏಡಿ, ಗೆದ್ದಲು, ಬಾರಿಹಣ್ಣು ಇದರ ಊಟ. ಶೇಂಗಾ ಹೊಲದ ಇಲಿ ಹಿಡಿಯಲು ಪಗಾರ ಕೇಳದ ಆಳು ಇದು. ಮೊಲ ಬಿಲ ತೋಡುವುದಿಲ್ಲ. ಪೊದೆ ಬುಡದಲ್ಲಿ ತಗ್ಗು ಮಾಡಿಕೊಂಡು ಕಾಲ ಹತ್ತಿರ ಹೋಗುವವರೆಗೂ ಅಲುಗದೆ ಕೂತಿರುತ್ತದೆ.

ಪ್ರಾಣಿ ಕಾಣದಿದ್ದರೆ ಗುರುತು ನೋಡಿ. ಗಂಡು ಚಿಗರಿ ದಿನಾ ಒಂದೇ ಜಾಗದಲ್ಲಿ ಹಿಕ್ಕೆ ಹಾಕಿ ಗುಪ್ಪೆ ಮಾಡುತ್ತದೆ. ತೋಳದ ಹೆಜ್ಜೆ ದಾರ ಹಿಡಿದಂತೆ ನೆಟ್ಟಗೆ, ಹಿಂಗಾಲು ಮುಂಗಾಲಿನ ಗುರುತಿನ ಮೇಲೇ ಬೀಳುತ್ತದೆ. ನಾಯಿ ಹೆಜ್ಜೆ ಅತ್ತಿತ್ತ ಹರಿದಾಡುತ್ತದೆ. ಕುರಿ ದಡ್ಡಿ ಹಾಕುವವರಿಗೆ ಈ ಗುರುತು ಗೊತ್ತಿದ್ದರೆ ಒಳ್ಳೇದು.

ಬಿಟ್ಟರೆ ಏನಾಗತೈತಿ?

ಟಿಟ್ಟಿಭ ಹಕ್ಕಿ ಬರೀ ನೆಲದ ಮೇಲೆ, ಹರಳುಗಳ ನಡುವೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ತಲೆ ಮೇಲೆ ಹಾರಿ ಚೀರಿದರೆ ಗೂಡು ಹತ್ತಿರದಲ್ಲೇ ಇದೆ ಎಂದು ತಿಳಿಯಿರಿ. ಬಿಟ್ಟ ನಾಯಿ ಒಂದು ನಿಮಿಷದಲ್ಲಿ ಗೂಡು ಖಾಲಿ ಮಾಡುತ್ತದೆ. ಚಿಗರಿಯ ಎಳೆ ಮರಿ ಓಡುವುದಿಲ್ಲ, ಹುಲ್ಲಿನಲ್ಲಿ ಸುಮ್ಮನೆ ಮಲಗಿರುತ್ತದೆ. ನಾಯಿಗೆ ಅದು ಸುಲಭದ ತುತ್ತು.

ಚಿಗರಿ ಹೆಸರಿನ ಚಿಗುರು ಮೇಯುವುದು ಸುಳ್ಳಲ್ಲ, ನಮಗೂ ಲುಕ್ಸಾನು ಆಗಿದೆ. ಆದರೆ ನಾಯಿ ಬೆನ್ನುಹತ್ತಿದಾಗ ಹಿಂಡು ಬೆಳೆಯೊಳಗೇ ಅಡ್ಡಾದಿಡ್ಡಿ ಓಡುತ್ತದೆ. ತಿಂದದ್ದಕ್ಕಿಂತ ತುಳಿದದ್ದು ಹೆಚ್ಚಾದೀತು. ಬೆಳೆಹಾನಿಗೆ ಫೋಟೋ ತೆಗೆದು ಅರಣ್ಯ ಇಲಾಖೆಗೆ ಅರ್ಜಿ ಕೊಡುವುದೇ ದಾರಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಾಯಿ ಛೂ ಬಿಟ್ಟು ಮೊಲ ಹಿಡಿಸಿದರೂ ಅಪರಾಧ. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿ ಧಾಮ ಆಗಿದೆ. ಆದರೆ ಪ್ರಾಣಿಗೆ ಧಾಮದ ಗಡಿ ಗೊತ್ತಿಲ್ಲ, ಹೊಲಕ್ಕೂ ಬರುತ್ತದೆ.

ರೋಗ ಎರಡೂ ಕಡೆ ಹರಿಯುತ್ತದೆ

ಹುಚ್ಚುನಾಯಿ ರೋಗ ನಾಯಿಯಿಂದ ನರಿ, ತೋಳಕ್ಕೆ, ಅವುಗಳಿಂದ ನಾಯಿಗೆ, ದನಕ್ಕೆ, ಮನುಷ್ಯರಿಗೆ ಬರುತ್ತದೆ. ಡಿಸ್ಟೆಂಪರ್ ಎಂಬ ನಾಯಿ ರೋಗವೂ ನರಿ, ತೋಳಗಳನ್ನು ಕೊಲ್ಲಬಲ್ಲದು. ಮರಿಗೆ ಮೂರು ತಿಂಗಳಾದಾಗ ಹುಚ್ಚಿನ ಲಸಿಕೆ ಹಾಕಿಸಿ. ಮುಂದಿನ ಡೋಸುಗಳನ್ನು ಪಶುವೈದ್ಯರು ಹೇಳಿದಂತೆ ತಪ್ಪದೆ ಹಾಕಿಸಿ. ಡಿಸ್ಟೆಂಪರ್ ಲಸಿಕೆಯನ್ನೂ ಕೇಳಿ. ಸತ್ತ ಕುರಿ, ಕೋಳಿಯನ್ನು ಹಳ್ಳಕ್ಕೆ ಎಸೆಯದೆ ಆಳವಾಗಿ ಹೂಳಿ. ಬೀಡಾಡಿ ನಾಯಿ ಹಿಂಡು ಕಟ್ಟುವುದೇ ಅಲ್ಲಿ.

ಖರ್ಚು ಬಹಳ ಏನಿಲ್ಲ. ನಾಲ್ಕು ಮೊಳ ಹಗ್ಗ, ಅಗಲ ಪಟ್ಟಿಯ ಕೊರಳಬೆಲ್ಟು, ಲಸಿಕೆ. ಟಿಟ್ಟಿಭದ ಗೂಡು ಕಂಡರೆ ನಾಲ್ಕು ಕಡೆ ಕಡ್ಡಿ ನೆಟ್ಟು, ಕುಂಟಿ ಹೊಡೆಯುವಾಗ ಅಷ್ಟು ಜಾಗ ಬಿಡಿ. ಮರಿ ಹೊರಬರಲು ಸುಮಾರು ನಾಲ್ಕು ವಾರ ಸಾಕು.