ಕರಾರು ಮುಗಿಯೋ ಹೊತ್ತಿಗೆ ಯಾರ ಕೈ ಮೇಲಾಗುತ್ತೆ?

ಯಾದಗಿರಿ, ಶಹಾಪುರ, ಸುರಪುರದ ಹುಡುಗರ ಐಪಿಎಲ್ ವಾದ ಕೊನೆಗೆ ಬಂದು ನಿಲ್ಲೋದು ಒಂದೇ ಕಡೆ: ‘ಒಳ್ಳೆ ಆಟಗಾರನ್ನ ಯಾಕ್ ಬಿಟ್ಟುಕೊಟ್ರು?’ ಅದಕ್ಕಿಂತ ಮೊದಲು ಕೇಳಬೇಕಾದ್ದು, ಅವನ ಕರಾರು ಇನ್ನೆಷ್ಟು ದಿನ ಉಳಿದಿತ್ತು ಅಂತ.

ನಮ್ಮ ದೇವದತ್ತ ಪಡಿಕ್ಕಲ್‌ರನ್ನೇ ನೋಡ್ರಿ. 2022ರ ಹರಾಜಿನಲ್ಲಿ ರಾಜಸ್ಥಾನ ರಾಯಲ್ಸ್ ಅವರನ್ನು 7.75 ಕೋಟಿಗೆ ಕೊಂಡಿತ್ತು. 2023ರ ನವೆಂಬರ್‌ನಲ್ಲಿ ಅವರನ್ನು ಲಖನೌಗೆ ಕೊಟ್ಟು, 10 ಕೋಟಿಯ ಆವೇಶ್ ಖಾನ್‌ರನ್ನು ತಗೊಂಡಿತು. ಆದರೆ 2024ರ ಸೀಸನ್ ಮುಗಿದರೆ ಮೆಗಾ ಹರಾಜು. ಉಳಿಸಿಕೊಂಡ ಕೆಲವೇ ಮಂದಿ ಬಿಟ್ಟರೆ ಎಲ್ಲರ ಲೆಕ್ಕ ಚುಕ್ತಾ. ಅಂದ್ರೆ ಎರಡೂ ತಂಡಗಳಿಗೆ ಖಾತ್ರಿಯಾಗಿ ಸಿಕ್ಕಿದ್ದು ಒಂದು ಸೀಸನ್ ಮಾತ್ರ. ಆಮೇಲೆ ಇಬ್ಬರನ್ನೂ ಕೈಬಿಟ್ಟರು. ಜೆಡ್ಡಾ ಹರಾಜಿನಲ್ಲಿ ಆವೇಶ್ 9.75 ಕೋಟಿಗೆ ಮತ್ತೆ ಲಖನೌಗೇ ವಾಪಸ್. ಪಡಿಕ್ಕಲ್ 2 ಕೋಟಿಗೆ ಆರ್‌ಸಿಬಿಗೆ. (ಆರ್‌ಸಿಬಿಗೆ ಇದು ಅಗ್ಗದ ವ್ಯಾಪಾರ, ಬಿಡಿ.)

ಈ ಚೌಕಾಸಿ ಇನ್ನೂ ಬಿರುಸಾಗಿರೋದು ಅಮೆರಿಕ–ಕೆನಡಾದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ. ಅಲ್ಲಿ ತಂಡ ಕಟ್ಟೋದು ಜನರಲ್ ಮ್ಯಾನೇಜರ್. ಕರಾರು ಮುಗಿದ ಸ್ಟಾರ್ ಜುಲೈನಲ್ಲಿ ಎದ್ದು ಹೋದರೆ ತನಗೆ ಬಿಡಿಗಾಸೂ ಸಿಗಲ್ಲ ಅನ್ನೋದು ಅವನ ಭಯ. ಹಾಗಾಗಿ ಮಾರ್ಚ್ ಗಡುವಿನೊಳಗೆ ಮಾರಲು ನೋಡುತ್ತಾನೆ. ಕೊಳ್ಳುವವನಿಗೂ ಅದು ಗೊತ್ತು. ‘ಮೂರ್ನಾಲ್ಕು ತಿಂಗಳ ಆಟಕ್ಕೆ ಅಷ್ಟ್ಯಾಕೆ ಕೊಡ್ಲಿ’ ಅಂತಾನೆ. ಆಗ ಮಾರುವವನು ಸಂಬಳದ ಅರ್ಧದವರೆಗೆ ತಾನೇ ಹೊರಲು ಒಪ್ಪಿ, ಬದಲಿಗೆ ಎಳೆಯ ಪ್ರತಿಭೆಯನ್ನೋ ಮುಂದಿನ ಡ್ರಾಫ್ಟ್ ಆಯ್ಕೆಯನ್ನೋ ಕೇಳಬಹುದು. ಆಟಗಾರ ಹೊಸ ಕರಾರಿಗೆ ಸಹಿ ಹಾಕುತ್ತಾನೆ ಅನ್ನೋದು ಖಾತ್ರಿಯಾದರೆ ಬೆಲೆ ಏರುತ್ತೆ.

ಫಿನ್ಲೆಂಡಿನ ಮಿಕ್ಕೊ ರಾಂಟನೆನ್‌ರನ್ನು 2025ರ ಜನವರಿಯಲ್ಲಿ ಕೊಲರಾಡೊ ಕೆರೊಲಿನಾಕ್ಕೆ ಕೊಟ್ಟಿತು. ಅಲ್ಲಿ ಹೊಸ ಕರಾರು ಕುದುರಲಿಲ್ಲ. ಗಡುವಿನ ದಿನ, ಮಾರ್ಚ್ 7ಕ್ಕೆ, ಕೆರೊಲಿನಾ ಅವರನ್ನು ಡಲ್ಲಾಸ್‌ಗೆ ದಾಟಿಸಿತು. ಡಲ್ಲಾಸ್ ಜೊತೆ ಅವರು 8 ವರ್ಷಕ್ಕೆ 9.6 ಕೋಟಿ ಡಾಲರ್‌ಗೆ ಸಹಿ ಹಾಕಿದರು. ಸಹಿ ಹಾಕದೇ ಇರುವ ಹಕ್ಕೇ ಅವರ ಬಲ. ಐಪಿಎಲ್ ಟ್ರೇಡಿಗೂ ಆಟಗಾರನ ಒಪ್ಪಿಗೆ ಬೇಕು, ಆದರೆ ಹೊಸ ಬೆಲೆ ಕಟ್ಟೋದು ಹರಾಜು.

ನಮ್ಮ ಕಡೆಯೂ ಕರಾರಿನ ವರ್ಷ ಒಂದಿದೆ: ಯುಗಾದಿಯಿಂದ ಯುಗಾದಿಗೆ. ಸಂಬಳದ ಆಳಿನ ವರ್ಷ ಮುಗಿದರೂ ಮುಂಗಡದ ಬಾಕಿ ಉಳಿದಿದ್ರೆ ಅವನು ಎದ್ದು ಹೋಗೋದು ಸುಲಭವಲ್ಲ. ಹೊಸ ಧಣಿ ಹಳೇ ಧಣಿಯ ಬಾಕಿ ತೀರಿಸಿದರೆ ಆಳು ಆ ಮನೆಗೆ. ಇದೂ ಟ್ರೇಡೇ, ಆದರೆ ಇಲ್ಲಿ ಆಳಿನ ಬೆಲೆ ಅಂದ್ರೆ ಅವನ ಸಾಲ. ಅವನಿಗೇನು ಬೇಕು ಅಂತ ಯಾರೂ ಕೇಳಲ್ಲ. ಸಾಲಕ್ಕಾಗಿ ದುಡಿಸಿಕೊಳ್ಳೋದನ್ನು ನಿಷೇಧಿಸಿದ 1976ರ ಜೀತಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ, ಜೀತದ ಸಾಲವನ್ನು ಆಳು ತೀರಿಸಬೇಕಾಗೇ ಇಲ್ಲ.