ಕನ್ನಡಿಯಿಲ್ಲದ ಕ್ಯಾಮೆರಾ: ಸಿಕ್ಕಿದ್ದೇನು, ಬಿಟ್ಟುಕೊಟ್ಟಿದ್ದೇನು?

ಸಂಘದ ಕಾರ್ಯಕ್ರಮಗಳಲ್ಲಿ ನನ್ನ ಕೈಯಲ್ಲಿ ಕ್ಯಾಮೆರಾ ನೋಡಿದವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು, "ನಾವೂ ಒಂದು ಒಳ್ಳೆ ಕ್ಯಾಮೆರಾ ತಗೋಬೇಕು ಅಂತಿದ್ದೀವಿ, ಯಾವುದು ತಗೊಳ್ಳೋದು?" ಅದರ ಬೆನ್ನಿಗೇ ಎರಡನೆಯದು, "ಇಷ್ಟು ಚಿಕ್ಕದರಲ್ಲಿ ಫೋಟೋ ಚೆನ್ನಾಗಿ ಬರುತ್ತಾ?" ಒಂದು ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡು ಇದಕ್ಕೆ ಉತ್ತರ ಹೇಳಿ ಮುಗಿಸುವುದು ಕಷ್ಟ. ಅದಕ್ಕಾಗಿಯೇ ಈ ಬರಹ. ನಾನು ವೃತ್ತಿಯಿಂದ ಛಾಯಾಗ್ರಾಹಕನಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಬೆಂಟ್ಲಿಯಲ್ಲಿ ಮನೆ ಮಾಡಿಕೊಂಡಿರುವ, ಶನಿವಾರ ಭಾನುವಾರ ಫೋಟೋ ತೆಗೆಯುವ ಹವ್ಯಾಸಿ, ಅಷ್ಟೇ.

ಚಿಕ್ಕ ಕ್ಯಾಮೆರಾದ ಕಡೆಗೆ ನಾನು ಬಂದ ಕಾರಣವನ್ನು ಮೊದಲು ಹೇಳಬೇಕು.

2015ರಲ್ಲಿ ಅಪ್ಪ, ಅಮ್ಮ ಸಾಗರದಿಂದ ಇಲ್ಲಿಗೆ ಬಂದು ಮೂರು ತಿಂಗಳು ನಮ್ಮ ಜೊತೆ ಇದ್ದರು. ಸಂಜೆಯಾದರೆ ಕ್ಯಾನಿಂಗ್ ನದಿಯ ದಡಕ್ಕೆ, ಕೆಂಟ್ ಸ್ಟ್ರೀಟ್‌ನ ಕಿರು ಅಣೆಕಟ್ಟಿನ ಹತ್ತಿರ ವಾಕಿಂಗ್. ಅಲ್ಲಿಯ ಕರಿಹಂಸಗಳನ್ನು ಕಂಡು ಅಪ್ಪನಿಗೆ ಎಲ್ಲಿಲ್ಲದ ಆಶ್ಚರ್ಯ. "ಹಂಸ ಅಂದ್ರೆ ಬಿಳಿ ಅಂತ ಎಪ್ಪತ್ತು ವರ್ಷ ನಂಬಿದ್ದೆ ಮಾರಾಯ" ಎಂದು ದಿನವೂ ಅದೇ ಮಾತು, ದಿನವೂ ಅದೇ ನಗು. ನನ್ನ ಹತ್ತಿರ ಆಗ ದೊಡ್ಡ ಡಿಎಸ್‌ಎಲ್‌ಆರ್ ಇತ್ತು. ಎರಡು ಲೆನ್ಸು, ಚಾರ್ಜರು, ಬ್ಯಾಗು ಎಲ್ಲ ಸೇರಿ ಎರಡೂವರೆ ಕೆಜಿ. ವಾಕಿಂಗಿಗೆ ಯಾರು ಹೊರುತ್ತಾರೆ? ಅದು ಮನೆಯ ಬೀರುವಿನಲ್ಲೇ ಉಳಿಯಿತು. ಫೋನಿನಲ್ಲಿ ತೆಗೆದ ನಾಲ್ಕು ಚಿತ್ರಗಳಲ್ಲಿ ಮುಳುಗುವ ಸೂರ್ಯ ಚೆನ್ನಾಗಿದ್ದಾನೆ, ಅಪ್ಪನ ಮುಖ ಮಾತ್ರ ಕಪ್ಪು.

2018ರಲ್ಲಿ ಅಪ್ಪ ಹೋದರು. ವೈಕುಂಠ ಸಮಾರಾಧನೆಗೆ ಇಡಲು ಒಂದು ಒಳ್ಳೆಯ ಫೋಟೋ ಹುಡುಕಿದೆವು. ನಮ್ಮ ಮನೆಯಲ್ಲಿ ಆಲ್ಬಮ್ಮುಗಳಿಗೇನೂ ಬರವಿಲ್ಲ. ಆದರೆ ಅವೆಲ್ಲ ಅಪ್ಪನೇ ತೆಗೆದ ಚಿತ್ರಗಳು, ಯಾವುದರಲ್ಲೂ ಅಪ್ಪ ಇಲ್ಲ! ಕೊನೆಗೆ ಪಾಸ್‌ಪೋರ್ಟ್ ಫೋಟೋವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದೆವು. ಮನೆಯಲ್ಲಿ ಒಳ್ಳೆಯ ಕ್ಯಾಮೆರಾ ಇದ್ದೂ ನನ್ನ ಹತ್ತಿರ ಅಪ್ಪನ ಒಂದು ಒಳ್ಳೆಯ ಚಿತ್ರವಿಲ್ಲ ಎಂಬ ಕೊರಗು ಅಲ್ಲಿಂದ ಶುರುವಾಯಿತು. ಪರ್ತಿಗೆ ಮರಳಿದ ಮೇಲೆ ದೊಡ್ಡ ಕ್ಯಾಮೆರಾ ಮಾರಿ, ಯಾರೋ ಬಳಸಿದ್ದ ಒಂದು ಸೋನಿ ಎ6000 ಕೊಂಡೆ.

ಕನ್ನಡಿ ಎಲ್ಲಿ ಹೋಯಿತು?

ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ನಿಂತ ಒಂದು ಕನ್ನಡಿ ಇರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ, ಒಂದು ಪಟ್ಟಕದ ಮೂಲಕ ನಮ್ಮ ಕಣ್ಣಿಗೆ ಮುಟ್ಟಿಸುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಟಪ್ಪನೆ ಮೇಲೇಳುತ್ತದೆ, ಬೆಳಕು ಹಿಂದಿನ ಫಿಲಂ ಮೇಲೆ ಬೀಳುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ಫಿಲಂ ಜಾಗಕ್ಕೆ ಸೆನ್ಸರ್ ಬಂತು, ಕನ್ನಡಿ ಹಾಗೇ ಉಳಿಯಿತು. ಆದರೆ ಸೆನ್ಸರ್ ತಾನೇ ನೇರವಾಗಿ ಚಿತ್ರವನ್ನು ಪರದೆಗೆ ಕಳಿಸಬಲ್ಲದು ಎಂದ ಮೇಲೆ ಕನ್ನಡಿ, ಪಟ್ಟಕ ಯಾಕೆ ಬೇಕು? ಅವೆರಡನ್ನೂ ತೆಗೆದುಹಾಕಿದ್ದೇ ಮಿರರ್‌ಲೆಸ್ ಕ್ಯಾಮೆರಾ.

2008ರಲ್ಲಿ ಪ್ಯಾನಾಸೋನಿಕ್ ಜಿ1, ಮರುವರ್ಷ ಒಲಿಂಪಸ್‌ನ ಪೆನ್ ಇ-ಪಿ1, 2010ರಲ್ಲಿ ಸೋನಿಯ ನೆಕ್ಸ್ ಸರಣಿ ಬಂದವು. ಆಗ ಇವನ್ನು ಆಟಿಕೆ ಎಂದವರೇ ಹೆಚ್ಚು. 2018ರ ಹೊತ್ತಿಗೆ ನಿಕಾನ್, ಕ್ಯಾನನ್ ಕೂಡ ತಮ್ಮ ದೊಡ್ಡ ಸೆನ್ಸರಿನ ಕ್ಯಾಮೆರಾಗಳಿಗೆ ಇದೇ ದಾರಿ ಹಿಡಿದವು. ಎ6000 ಬಂದದ್ದು 2014ರಲ್ಲಿ. ವಯಸ್ಸಾದ ಮಾದರಿ ನಿಜ, ಆದರೆ ಚಿಕ್ಕ ಮಿರರ್‌ಲೆಸ್‌ನ ಗುಣ ಮತ್ತು ಮಿತಿ ಎರಡನ್ನೂ ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಸಿಕ್ಕಿದ್ದು

ಮೊದಲನೆಯದು ತೂಕ. ಬ್ಯಾಟರಿ, ಕಾರ್ಡು ಸೇರಿ 344 ಗ್ರಾಂ. ಜೊತೆಗೆ ಬರುವ 16-50 ಮಿಮೀ ಜೂಮ್ ಲೆನ್ಸು 116 ಗ್ರಾಂ. ಎರಡೂ ಸೇರಿದರೂ ಅರ್ಧ ಕೆಜಿ ಇಲ್ಲ. ಜಾಕೆಟ್ಟಿನ ಜೇಬಿಗೆ ಹೋಗುತ್ತದೆ, ಅಡುಗೆಮನೆಯ ಕಟ್ಟೆಯ ಮೇಲೆ ಕೈಗೆ ಸಿಗುವ ಹಾಗೆ ಇರುತ್ತದೆ. ಊರಿಗೆ ಹೋಗುವಾಗ ಕೈಚೀಲಕ್ಕೆ 7 ಕೆಜಿ ಮಿತಿ ಹಾಕುವ ವಿಮಾನಗಳಲ್ಲಿ ಈ ವ್ಯತ್ಯಾಸ ಏನೆಂದು ನಿಮಗೇ ಗೊತ್ತು. ಕ್ಯಾಮೆರಾಕ್ಕೆ ಉಳಿಸಿದ ಎರಡು ಕೆಜಿ ಎಂದರೆ ವಾಪಸು ಬರುವಾಗ ಎರಡು ಕೆಜಿ ಸಾಂಬಾರ್ ಪುಡಿ!

ಎರಡನೆಯದು, ಗಾತ್ರ ಚಿಕ್ಕದಾದರೂ ಸೆನ್ಸರ್ ಚಿಕ್ಕದಲ್ಲ. ಎಪಿಎಸ್-ಸಿ ಎಂದು ಕರೆಯುವ, ಸುಮಾರು 23.5 ಮಿಮೀ ಅಗಲ, 15.6 ಮಿಮೀ ಎತ್ತರದ ಈ ಸೆನ್ಸರ್ ಸಾಮಾನ್ಯ ಫೋನಿನದಕ್ಕಿಂತ ಹಲವು ಪಟ್ಟು ದೊಡ್ಡದು. ನನ್ನ ಹಳೆಯ ಡಿಎಸ್‌ಎಲ್‌ಆರ್‌ನಲ್ಲಿ ಇದ್ದದ್ದೂ ಹೆಚ್ಚುಕಡಿಮೆ ಇದೇ ಅಳತೆಯದು. ಅಂದರೆ ಭಾರ ಕಡಿಮೆಯಾದದ್ದಕ್ಕೆ ಚಿತ್ರದ ಗುಣಮಟ್ಟದಲ್ಲಿ ಬೆಲೆ ತೆರಬೇಕಾಗಲಿಲ್ಲ.

ಮೂರನೆಯದು, ಕಣ್ಣಿಟ್ಟು ನೋಡುವ ವ್ಯೂಫೈಂಡರ್. ಇಲ್ಲಿಯ ಜನವರಿ ಬಿಸಿಲಿನಲ್ಲಿ ಫೋನಿನ ಪರದೆ ಕಾಣುವುದೇ ಇಲ್ಲ, ಅಂದಾಜಿನ ಮೇಲೆ ಒತ್ತಬೇಕು. ಇದರಲ್ಲಿ ಕಣ್ಣಿಟ್ಟರೆ ಚಿತ್ರ ಎಷ್ಟು ಬೆಳ್ಳಗೆ, ಎಷ್ಟು ಕಪ್ಪಗೆ ಬರಲಿದೆ ಎಂದು ತೆಗೆಯುವ ಮೊದಲೇ ಗೊತ್ತಾಗುತ್ತದೆ. ಡಿಎಸ್‌ಎಲ್‌ಆರ್‌ನ ಕಿಂಡಿಯಲ್ಲಿ ಈ ಅನುಕೂಲ ಇಲ್ಲ. ವೇಗವೂ ಕಡಿಮೆಯೇನಲ್ಲ. ಸೆಕೆಂಡಿಗೆ 11 ಚಿತ್ರ ತೆಗೆಯುತ್ತದೆ. ಓಡುವ ಮಗು, ರಾಟ್‌ನೆಸ್ಟ್ ದ್ವೀಪದ ಕ್ವಾಕಾ ಎರಡನ್ನೂ ಹಿಡಿಯಬಹುದು.

ಬಿಟ್ಟುಕೊಟ್ಟಿದ್ದು

ಈಗ ಅಂಗಡಿಯವರು ಸಾಮಾನ್ಯವಾಗಿ ಹೇಳದ ಭಾಗ.

ಮೊದಲು ಬ್ಯಾಟರಿ. ಕನ್ನಡಿ ಇದ್ದಾಗ ಚಿತ್ರ ನೋಡಲು ಕರೆಂಟೇ ಬೇಕಿರಲಿಲ್ಲ. ಇಲ್ಲಿ ಸೆನ್ಸರೂ ಪರದೆಯೂ ಸದಾ ಎಚ್ಚರವಾಗಿರಬೇಕು. ಕಂಪನಿಯ ಲೆಕ್ಕದಲ್ಲೇ ಒಂದು ಚಾರ್ಜಿಗೆ ಸುಮಾರು 310ರಿಂದ 360 ಚಿತ್ರ. ಹಲವು ಡಿಎಸ್‌ಎಲ್‌ಆರ್‌ಗಳಲ್ಲಿ ಎಂಟುನೂರು, ಸಾವಿರ ಬರುತ್ತಿತ್ತು. ಒಂದು ರಾಜ್ಯೋತ್ಸವದಲ್ಲಿ ಮಕ್ಕಳ ನೃತ್ಯ ಮುಗಿದು ನಾಟಕ ಶುರುವಾಗುವ ಹೊತ್ತಿಗೆ ನನ್ನ ಕ್ಯಾಮೆರಾ ಮಲಗಿತು. ಇನ್ನೊಂದು ಬ್ಯಾಟರಿ ಮನೆಯಲ್ಲಿ ಬಿಟ್ಟುಬಂದ ತಪ್ಪು ನನ್ನದೇ. ನಾಟಕದವರು ಇವತ್ತಿಗೂ ನೆನಪಿಸುತ್ತಾರೆ. ಎರಡು ಬ್ಯಾಟರಿ ಹೆಚ್ಚುವರಿ ಇಟ್ಟುಕೊಳ್ಳಿ. ವಿಮಾನದಲ್ಲಿ ಅವನ್ನು ಕೈಚೀಲದಲ್ಲೇ ಇಡಬೇಕು, ಲಗೇಜಿಗೆ ಹಾಕುವಂತಿಲ್ಲ.

ಎರಡನೆಯದು ಆ ಪುಟ್ಟ ಜೂಮ್ ಲೆನ್ಸು. ಅದನ್ನು ಚಿಕ್ಕದು ಮಾಡಲು ಬೆಳಕಿನ ಬಾಯಿಯನ್ನೂ ಚಿಕ್ಕದು ಮಾಡಿದ್ದಾರೆ. 50 ಮಿಮೀ ತುದಿಗೆ ಹೋದರೆ ಎಫ್ 5.6 ಮಾತ್ರ. ನಮ್ಮ ಸಭಾಂಗಣಗಳ ಮಂದ ಬೆಳಕಿನಲ್ಲಿ ಭರತನಾಟ್ಯ ತೆಗೆಯಲು ಹೋದರೆ ಕೈಗಳು ಮಸುಕು, ಇಲ್ಲವೇ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಕಾಳು ಕಾಳು. ಇದಕ್ಕೆ ಮದ್ದು ಎಫ್ 1.8ರ ಒಂದು 50 ಮಿಮೀ ಲೆನ್ಸು. ಅದು ಒಳಬಿಡುವ ಬೆಳಕು ಸುಮಾರು ಹತ್ತು ಪಟ್ಟು. ಆದರೆ ಅದರಲ್ಲಿ ಜೂಮ್ ಇಲ್ಲ, ನಾವೇ ಹಿಂದೆ ಮುಂದೆ ನಡೆಯಬೇಕು. ಹಾಗಾಗಿ ಕ್ಯಾಮೆರಾ ಕೊಳ್ಳುವಾಗಲೇ ಎರಡನೆಯ ಲೆನ್ಸಿನ ಹಣವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಮೂರನೆಯದು, ಕ್ಯಾಮೆರಾ ಚಿಕ್ಕದಾಗಬಹುದು, ದೂರದ ಲೆನ್ಸು ಚಿಕ್ಕದಾಗುವುದಿಲ್ಲ. ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಬೆನ್ನು ಹತ್ತಿದಂತೆ ನೀವೂ ಹತ್ತುವ ಆಸೆಯಿದ್ದರೆ ಉದ್ದದ ಲೆನ್ಸು ಬೇಕೇ ಬೇಕು. ಅಂಗೈಯಗಲದ ಕ್ಯಾಮೆರಾಕ್ಕೆ ಅದನ್ನು ಸಿಕ್ಕಿಸಿದರೆ ಮುಂಭಾರವಾಗಿ, ಹಿಡಿಯುವುದೇ ಕಷ್ಟ. ಅಂಥವರಿಗೆ ಕೈತುಂಬ ಹಿಡಿತ ಸಿಗುವ ಸ್ವಲ್ಪ ದೊಡ್ಡ ಕ್ಯಾಮೆರಾವೇ ಸರಿ.

ಇನ್ನುಳಿದವನ್ನು ಒಟ್ಟಿಗೆ ಹೇಳುತ್ತೇನೆ. ಎ6000ಕ್ಕೆ ಮುಟ್ಟಿ ಬಳಸುವ ಪರದೆ ಇಲ್ಲ, ಹೊರಗಿನ ಮೈಕ್ ಸಿಕ್ಕಿಸುವ ಕಿಂಡಿ ಇಲ್ಲ, 4ಕೆ ವಿಡಿಯೋ ಇಲ್ಲ. 2019ರಲ್ಲಿ ಬಂದ ಎ6100ರಲ್ಲಿ ಈ ಮೂರೂ ಇವೆ. ಕೈ ನಡುಕವನ್ನು ಕ್ಯಾಮೆರಾದೊಳಗೇ ಸರಿಪಡಿಸುವ ವ್ಯವಸ್ಥೆಯೂ ಎ6000ರಲ್ಲಿ ಇಲ್ಲ. ಲೆನ್ಸು ಬದಲಿಸುವಾಗ ಮುಂದೆ ಕನ್ನಡಿಯ ಮರೆ ಇಲ್ಲದ ಕಾರಣ ಸೆನ್ಸರ್ ಬಯಲಿಗೆ ಬೀಳುತ್ತದೆ. ಕಾಟ್ಸ್‌ಲೋ ಬೀಚಿನ ಮರಳುಗಾಳಿಯಲ್ಲಿ ಆ ಕೆಲಸಕ್ಕೆ ಖಂಡಿತ ಕೈ ಹಾಕಬೇಡಿ. ಮಳೆಗೂ ಇದು ತಯಾರಾದದ್ದಲ್ಲ. ಜುಲೈನಲ್ಲಿ ಜೋಗ ನೋಡಲು ಹೋಗುವವರು ಒಂದು ಪ್ಲಾಸ್ಟಿಕ್ ಚೀಲ ಇಟ್ಟುಕೊಳ್ಳಿ.

ಕೊನೆಯದಾಗಿ ಒಂದು ಎಚ್ಚರಿಕೆ. ನೀವು ಕೊಳ್ಳುವುದು ಬರೀ ಕ್ಯಾಮೆರಾ ಅಲ್ಲ, ಅದರ ಲೆನ್ಸುಗಳ ಕುಟುಂಬವನ್ನು. 2012ರಲ್ಲಿ ಕ್ಯಾನನ್ ತಂದ ಇಒಎಸ್ ಎಂ ಎಂಬ ಚಿಕ್ಕ ಸರಣಿ 2023ರ ಹೊತ್ತಿಗೆ ನಿಂತುಹೋಯಿತು. ಆ ಲೆನ್ಸುಗಳು ಕ್ಯಾನನ್‌ನ ಹೊಸ ಆರ್ ಸರಣಿಗೆ ಕೂಡುವುದಿಲ್ಲ. ಹಳೆಯದನ್ನು ಅಗ್ಗಕ್ಕೆ ಕೊಳ್ಳುವವರು ಇದನ್ನು ವಿಚಾರಿಸಿಕೊಳ್ಳಿ.

ಅಪ್ಪನ ಲೆನ್ಸು

ನಾನು ಎಣಿಸಿಯೇ ಇರದ ಒಂದು ಲಾಭದ ಮಾತು ಉಳಿದಿದೆ.

ಅಪ್ಪನ ಕ್ಯಾಮೆರಾ ಪೆಂಟ್ಯಾಕ್ಸ್ ಕೆ1000. 1976ರಿಂದ 1997ರವರೆಗೆ ತಯಾರಾದ, ಬೆಳಕು ಅಳೆಯುವುದಕ್ಕಷ್ಟೇ ಬ್ಯಾಟರಿ ಬೇಕಿದ್ದ ಗಟ್ಟಿಮುಟ್ಟು ಎಸ್‌ಎಲ್‌ಆರ್ ಅದು. 36 ಚಿತ್ರದ ಒಂದು ರೀಲನ್ನು ಆರು ತಿಂಗಳು ಎಳೆಯುತ್ತಿದ್ದರು. ಗೌರಿಹಬ್ಬ, ಅಡಿಕೆ ಕೊಯ್ಲು, ನಮ್ಮ ಉಪನಯನ ಎಲ್ಲ ಒಂದೇ ರೀಲಿನಲ್ಲಿ. ಮಲೆನಾಡಿನ ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯಬಾರದೆಂದು ಬೀರುವಿನೊಳಗೆ ಒಂದು ಜೀರೋ ಬಲ್ಬು ಹಚ್ಚಿಟ್ಟಿರುತ್ತಿದ್ದರು. ಕ್ಯಾಮೆರಾದ ಮೀಟರು ಕೆಟ್ಟು ಎಷ್ಟೋ ವರ್ಷವಾಗಿತ್ತು. ಅದರ 50 ಮಿಮೀ ಎಫ್ 2 ಲೆನ್ಸು ಮಾತ್ರ ಆ ಬಲ್ಬಿನ ದಯೆಯಿಂದ ಹೊಸದರಂತೆ ಉಳಿದಿತ್ತು.

ಕನ್ನಡಿ ಹೋದದ್ದರ ಗುಣ ಇಲ್ಲಿ ಒದಗಿ ಬಂತು. ಪೆಂಟ್ಯಾಕ್ಸ್‌ನಲ್ಲಿ ಕನ್ನಡಿಗೆ ಜಾಗ ಬೇಕಾದ್ದರಿಂದ ಲೆನ್ಸು ಕೂರುವ ಜಾಗಕ್ಕೂ ಫಿಲಂಗೂ ನಡುವೆ 45.46 ಮಿಮೀ ಅಂತರ. ಸೋನಿಯಲ್ಲಿ ಅದು ಬರೀ 18 ಮಿಮೀ. ಉಳಿದ ಇಪ್ಪತ್ತೇಳು ಮಿಮೀಯಷ್ಟು ಜಾಗದಲ್ಲಿ ಒಂದು ಲೋಹದ ಬಳೆ, ಅಂದರೆ ಅಡಾಪ್ಟರ್ ಕೂರಿಸಿದರೆ ಹಳೆಯ ಲೆನ್ಸು ತನ್ನ ಸರಿಯಾದ ದೂರದಲ್ಲಿ ನಿಲ್ಲುತ್ತದೆ. ಒಳಗೆ ಗಾಜಿಲ್ಲ, ತಂತಿಯಿಲ್ಲ, ಹೆಚ್ಚು ಬೆಲೆಯೂ ಇಲ್ಲ. ಕ್ಯಾಮೆರಾದ ಮೆನುವಿನಲ್ಲಿ ಲೆನ್ಸು ಇಲ್ಲದಿದ್ದರೂ ಶಟರ್ ನಡೆಯಲಿ ಎಂಬ ಆಯ್ಕೆಯನ್ನು ಒಮ್ಮೆ ಚಾಲೂ ಮಾಡಬೇಕು, ಅಷ್ಟೇ.

ಇದಕ್ಕೂ ಬೆಲೆ ಇದೆ. ಆಟೋಫೋಕಸ್ ಇಲ್ಲ, ಉಂಗುರ ತಿರುಗಿಸಿ ನಾವೇ ಫೋಕಸ್ ಮಾಡಬೇಕು. ಫೋಕಸ್ ಆದ ಅಂಚುಗಳಿಗೆ ಬಣ್ಣ ಹಚ್ಚಿ ತೋರಿಸುವ ಸೌಲಭ್ಯ ಇರುವುದರಿಂದ ಒಂದೆರಡು ವಾರದಲ್ಲಿ ಕೈ ಪಳಗುತ್ತದೆ. ಓಡುವ ಮಕ್ಕಳಿಗೆ ಆಗುವುದಿಲ್ಲ, ಕೂತ ಹಿರಿಯರಿಗೆ ಹೇಳಿ ಮಾಡಿಸಿದಂತಿದೆ. ಅಡಾಪ್ಟರ್, ಲೆನ್ಸು ಸೇರಿದರೆ ಜೇಬಿಗೆ ಹೋಗುವ ಮಾತಂತೂ ಇಲ್ಲ. ಚಿಕ್ಕ ಸೆನ್ಸರಿನಿಂದಾಗಿ ನೋಟವೂ ಕಿರಿದಾಗಿ, ಹಳೆಯ ಲೆಕ್ಕದ 75 ಮಿಮೀಯಂತೆ ಕಾಣುತ್ತದೆ. ಇಡೀ ಕುಟುಂಬ ಒಂದೇ ಚೌಕಟ್ಟಿಗೆ ಸಿಗಬೇಕಾದರೆ ಗೋಡೆಗೆ ಬೆನ್ನು ತಾಗುವವರೆಗೆ ಹಿಂದೆ ಸರಿಯಬೇಕು. ಒಬ್ಬರ ಮುಖ ತೆಗೆಯಲು ಮಾತ್ರ ಅದೇ ವರ.

ಕಳೆದ ಸಲ ಊರಿಗೆ ಹೋದಾಗ ಅಮ್ಮ ಜಗಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದರು. ಕಿಟಕಿಯ ಬೆಳಕು, ಅಪ್ಪನ ಲೆನ್ಸು. "ನಂದೇನು ತೆಗಿತೀಯೋ, ತಲೆ ಬಾಚಿಲ್ಲ" ಎಂದು ಮುಖ ತಿರುಗಿಸುವಷ್ಟರಲ್ಲಿ ತೆಗೆದೆ. ಆಮೇಲೆ ಕ್ಯಾಮೆರಾವನ್ನು ಮಗಳ ಕೈಗೆ ಕೊಟ್ಟು ಅಮ್ಮನ ಪಕ್ಕ ಹೋಗಿ ಕೂತೆ. ಆ ಚಿತ್ರದ ಫೋಕಸ್ ನಮ್ಮಿಬ್ಬರ ಮೇಲಲ್ಲ, ಹಿಂದಿನ ಬಾಗಿಲಿನ ಮೇಲಿದೆ. ಇರಲಿ. ಅದರಲ್ಲಿ ನಾನೂ ಇದ್ದೇನೆ.

ಹಾಗಾದರೆ ಯಾವುದು ತಗೊಳ್ಳೋದು?

ಹಗಲಿನ ಬೆಳಕಿನಲ್ಲಿ, ವಾಟ್ಸಾಪಿಗೆ ಕಳಿಸಲು ಚಿತ್ರ ಬೇಕೆಂದರೆ ನಿಮ್ಮ ಫೋನೇ ಸಾಕು, ಹಣ ಉಳಿಸಿ. ಮನೆಯೊಳಗಿನ ಬೆಳಕು, ಮಕ್ಕಳ ಕಾರ್ಯಕ್ರಮ, ಗೋಡೆಗೆ ಹಾಕುವ ಮುಖಚಿತ್ರ ಬೇಕೆಂದರೆ ಚಿಕ್ಕ ಮಿರರ್‌ಲೆಸ್ ಮತ್ತು ಒಂದು ಎಫ್ 1.8 ಲೆನ್ಸು. ಹಕ್ಕಿ, ಕ್ರಿಕೆಟ್ ಎಂದರೆ ದೊಡ್ಡದೇ ಬೇಕು. ಅಂಗಡಿಗೆ ಹೋದಾಗ ಮೆಗಾಪಿಕ್ಸೆಲ್ ಎಷ್ಟು ಎಂದು ಕೇಳುವ ಮೊದಲು ಅದನ್ನು ಕುತ್ತಿಗೆಗೆ ಹಾಕಿಕೊಂಡು ಹತ್ತು ನಿಮಿಷ ಓಡಾಡಿ ನೋಡಿ. ಸಂಜೆಯ ವಾಕಿಂಗಿಗೆ ಇದನ್ನು ಒಯ್ಯುತ್ತೇನೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಇಲ್ಲ ಅನ್ನಿಸಿದರೆ, ಎಷ್ಟೇ ಒಳ್ಳೆಯದಾದರೂ ವಾಪಸು ಇಟ್ಟುಬಿಡಿ.

ಮುಂದಿನ ಸಲ ಊರಿಗೆ ಹೋದಾಗ ಬೀರುವಿನ ಮೂಲೆಯಲ್ಲಿ ಹಳೆಯ ಕ್ಯಾಮೆರಾ ಇದೆಯೇ ನೋಡಿ. ಇದ್ದರೆ ಲೆನ್ಸನ್ನು ಬೆಳಕಿಗೆ ಹಿಡಿದು, ಬೂಷ್ಟು ಇಲ್ಲದಿದ್ದರೆ ಜೋಪಾನವಾಗಿ ತನ್ನಿ. ಸಂಘದ ಮುಂದಿನ ಕೂಟಕ್ಕೆ ನನ್ನ ಅಡಾಪ್ಟರ್ ತಂದಿರುತ್ತೇನೆ, ಊಟದ ನಂತರ ಕೂತು ನೋಡೋಣ. ನಾಟಕದವರೇ, ಈ ಸಲ ಬ್ಯಾಟರಿ ಮೂರು ತರುತ್ತೇನೆ.