ಮೂಲವ್ಯಾಧಿ: ಕತ್ತರಿಯೋ, ಸ್ಟೇಪ್ಲರೋ?

ಇಂದಿನ ವಿಷಯ ನಾಲ್ಕು ಜನರ ಮುಂದೆ ಹೇಳಲು ಸಂಕೋಚ ತರುವಂಥದ್ದು. ನಾವು ಮೂಲವ್ಯಾಧಿ ಎನ್ನುತ್ತೇವೆ, ಪಕ್ಕದ ಮನೆಯ ತೆಲುಗಿನವರು ಮೊಲಲು ಎನ್ನುತ್ತಾರೆ. ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತು ವರ್ಷ ಕುಳಿತ ನಾನು ಇದನ್ನು ಎಂಟು ವರ್ಷ ಹೆಂಡತಿಯಿಂದಲೂ ಮುಚ್ಚಿಟ್ಟಿದ್ದೆ. 'ಆಪರೇಷನ್ ಇಲ್ಲದೆ ಗುಣ' ಎಂದು ಬೋರ್ಡು ಹಾಕಿಕೊಂಡಿದ್ದ ಒಬ್ಬರಿಂದ ಸೂಜಿಯನ್ನೂ ಹಾಕಿಸಿಕೊಂಡೆ. ಒಳಗೆ ಹುಣ್ಣಾಯಿತೇ ಹೊರತು ರಕ್ತ ನಿಲ್ಲಲಿಲ್ಲ.

ಕೊನೆಗೆ ಸರ್ಜನ್ ಬಳಿ ಹೋದೆ. ಅವರು ಮೊದಲು ಕೊಳವೆ ಹಾಕಿ ಪರೀಕ್ಷಿಸಿದರು. ಮಲದ ಜೊತೆ ಬೀಳುವ ರಕ್ತವೆಲ್ಲ ಮೂಲವ್ಯಾಧಿಯದಲ್ಲ. ದೊಡ್ಡ ಕರುಳಿನ ಕ್ಯಾನ್ಸರಿನ ಮೊದಲ ಸೂಚನೆಯೂ ಅದೇ ಆಗಿರಬಹುದು. ನಲವತ್ತು ದಾಟಿದವರು ಈ ಮಾತನ್ನು ದಯವಿಟ್ಟು ನೆನಪಿಡಿ.

ಕಾಯಿಲೆಗೆ ನಾಲ್ಕು ಹಂತ. ಬರೀ ರಕ್ತ ಬೀಳುವುದು ಮೊದಲನೆಯದು. ಗಂಟು ಹೊರಬಂದು ತಾನೇ ಒಳಹೋದರೆ ಎರಡನೆಯದು, ಬೆರಳಿನಿಂದ ಒತ್ತಬೇಕಾದರೆ ಮೂರನೆಯದು, ಒಳಹೋಗದೆ ನಿಂತರೆ ನಾಲ್ಕನೆಯದು. ಮೊದಲೆರಡಕ್ಕೆ ನಾರಿನ ಆಹಾರ, ಇಸಬಗೋಲು, ಅದಕ್ಕೂ ಬಗ್ಗದಿದ್ದರೆ ಗಂಟಿನ ಬುಡಕ್ಕೆ ರಬ್ಬರ್ ಉಂಗುರ. ಇದಕ್ಕೆ ಮತ್ತು ಬರಿಸಬೇಕಿಲ್ಲ, ಅದೇ ದಿನ ಮನೆಗೆ ಬರಬಹುದು.

ನನ್ನದು ಮೂರನೆಯ ಹಂತ, ಹೊರಗೂ ಗಂಟುಗಳು. ದಾರಿ ಎರಡು ಎಂದರು. ಒಂದು, ಲಂಡನ್ನಿನ ಮಿಲಿಗನ್ ಮತ್ತು ಮಾರ್ಗನ್ 1937ರಲ್ಲಿ ವಿವರಿಸಿದ ಪದ್ಧತಿ: ಗಂಟುಗಳನ್ನು ಕತ್ತರಿಸಿ, ಗಾಯವನ್ನು ಹೊಲಿಯದೆ ತಾನೇ ಮಾಯಲು ಬಿಡುವುದು. ಇನ್ನೊಂದು, 1990ರ ದಶಕದಲ್ಲಿ ಇಟಲಿಯ ಲಾಂಗೊ ಬಳಕೆಗೆ ತಂದ ಸ್ಟೇಪ್ಲರ್. ಆ ಹೆಸರು ಕೇಳಿ ನನಗೆ ವೋಚರು ಪಿನ್ ಮಾಡುವುದೇ ನೆನಪಾಯಿತು! ಗಂಟಿನ ಮೇಲ್ಭಾಗದ ಒಳಪದರವನ್ನು ಬಳೆಯಂತೆ ಕತ್ತರಿಸಿ, ಪಿನ್ನು ಹೊಡೆದು, ಜಾರಿದ್ದನ್ನು ಮೇಲಕ್ಕೆಳೆಯುತ್ತಾರೆ. ಅಲ್ಲಿ ನೋವಿನ ಅರಿವು ಕಡಿಮೆ. ಬೇಗ ಕೆಲಸಕ್ಕೆ ಹೋಗಬಹುದು. ಆದರೆ ಬ್ರಿಟನ್ನಿನಲ್ಲಿ 777 ರೋಗಿಗಳನ್ನು ಹೋಲಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ಹೊತ್ತಿಗೆ ಕಾಯಿಲೆ ಮರುಕಳಿಸಿದ್ದು ಸ್ಟೇಪ್ಲರಿನವರಲ್ಲೇ ಹೆಚ್ಚು. ಈಗ ಗೋಡೆಗೋಡೆಯ ಮೇಲೆ ಕಾಣುವ ಲೇಸರ್ ಜಾಹೀರಾತು ನೋವು ಕಡಿಮೆ ಎನ್ನುವುದು ನಿಜವೇ. ಮತ್ತೆ ಬರಬಹುದೆಂಬುದನ್ನು ಮಾತ್ರ ಬರೆಯುವುದಿಲ್ಲ.

ನಾನು ಕತ್ತರಿಗೇ ಒಪ್ಪಿದೆ. ಬೆನ್ನಿಗೆ ಸೂಜಿ ಕೊಟ್ಟಿದ್ದರಿಂದ ಆಪರೇಷನ್ ಗೊತ್ತೇ ಆಗಲಿಲ್ಲ. ಆದರೆ ರಾತ್ರಿ ಮೂತ್ರ ಕಟ್ಟಿ ನಳಿಕೆ ಹಾಕಬೇಕಾಯಿತು. ಮೂರನೆಯ ದಿನದ ಮೊದಲ ಬಹಿರ್ದೆಸೆ, ಕೆಂಪು ಖಾರ ರುಬ್ಬಿದ ಕಲ್ಲಿನ ಮೇಲೆ ಕುಳಿತಂತೆ. ಆ ಹೆದರಿಕೆಗೆ ಊಟ ಬಿಟ್ಟೆ. ಮಲ ಇನ್ನೂ ಗಟ್ಟಿಯಾಯಿತು. "ಉಂಡರೆ ತಾನೇ ಹಗುರಾಗೋದು? ಮಕ್ಕಳಿಗಿಂತ ಕಡೆಯಾದ್ರಲ್ಲ ನೀವು!" ಎಂದು ಬೈದು ಹೆಂಡತಿ ಮುಂದಿಟ್ಟದ್ದು ಮೆತ್ತನೆಯ ಅನ್ನ, ಸೊಪ್ಪಿನ ಸಾರು, ಚೊಂಬು ತುಂಬ ಮಜ್ಜಿಗೆ. ದಿನಕ್ಕೆ ಮೂರು ಸಲ, ಬಹಿರ್ದೆಸೆಯ ನಂತರ ತಪ್ಪದೆ, ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಹತ್ತು ನಿಮಿಷ ಕುಳಿತೆ. ಯಾವ ಮಾತ್ರೆಯೂ ಅಷ್ಟು ಹಿತ ಕೊಡಲಿಲ್ಲ.

ಒಂಬತ್ತನೆಯ ದಿನ ಸ್ವಲ್ಪ ರಕ್ತ ಕಂಡಿತು. ಗಾಯದ ಹಕ್ಕಳೆ ಬಿಡುವಾಗ ಹೀಗಾಗುವುದೆಂದು ಡಾಕ್ಟರು ಮೊದಲೇ ಹೇಳಿದ್ದರು. ಗಡ್ಡೆಗಡ್ಡೆಯಾಗಿ ಬಿದ್ದರೆ, ಜ್ವರ ಬಂದರೆ, ಮೂತ್ರ ನಿಂತರೆ ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆಗೆ ಬರಬೇಕೆಂದೂ ಹೇಳಿದ್ದರು. ನನಗೆ ಆ ಪ್ರಸಂಗ ಬರಲಿಲ್ಲ. ಆರನೆಯ ವಾರ ಗೋನೆಗಂಡ್ಲದಿಂದ ಆದೋನಿಯವರೆಗೆ ಬಸ್ಸಿನಲ್ಲಿ ಕುಳಿತೇ ಹೋದೆ.